ತಾನು ಯಾರೆಂಬುದನ್ನು ಮರೆಯದ ಕೋಶ

(ಬಾನುಲಿ ಭಾಷಣ)

ಮೂರು ದಶಕಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಅಂಥವನು ಇಂದು ಜೀವಶಾಸ್ತ್ರದ ವಿಷಯವನ್ನು ಎತ್ತಿಕೊಂಡು ನಿಮ್ಮ ಮುಂದೆ ಮಾತಾಡಲು ಹೊರಟಿರುವುದು ಕೇಳುಗ ಮಿತ್ರರಲ್ಲಿ ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಅದಕ್ಕೆ ಎರಡು ಕಾರಣಗಳನ್ನು ನಿವೇದಿಸಿಕೊಳ್ಳುತ್ತೇನೆ. ಮೊದಲನೆಯದು ಒಂದು ಶಬ್ದ. ಎರಡನೆಯದು ಒಂದು ಕಾಯಿಲೆ.

ಶಬ್ದ ಯಾವುದೆಂದರೆ ‘ಕೋಶ’. ಸಂಸ್ಕೃತದಿಂದ ನಮಗೆ ಬಂದ ಈ ಮಾತಿಗೆ ಅರ್ಥಗಳು ಹಲವು. ರಾಜನ ಬೊಕ್ಕಸ ಕೋಶ. ಕತ್ತಿಯ ಒರೆ ಕೋಶ. ರೇಷ್ಮೆಹುಳು ತನ್ನ ಸುತ್ತ ನೇಯ್ದುಕೊಳ್ಳುವ ಗೂಡು ಕೋಶ. ಶಬ್ದಗಳನ್ನು ಕೂಡಿಟ್ಟ ನಿಘಂಟೂ ಕೋಶವೇ. ವಿಜ್ಞಾನವನ್ನು ಕನ್ನಡಕ್ಕೆ ತಂದವರು ಜೀವಿಯ ದೇಹದ ಅತಿ ಸಣ್ಣ ಘಟಕಕ್ಕೆ ‘ಜೀವಕೋಶ’ ಎಂಬ ಹೆಸರನ್ನು ಬಳಸಿದರು. ಇಂಗ್ಲಿಷಿನಲ್ಲಿ ಅದಕ್ಕೆ ಸೆಲ್ ಎಂದು ಹೆಸರು. 1665ರಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಬೆಂಡಿನ ತೆಳುವಾದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಗೂಡುಗಳಿಗೆ ‘ಸಣ್ಣ ಕೋಣೆ’ ಎಂಬ ಅರ್ಥದ ಆ ಹೆಸರನ್ನು ಕೊಟ್ಟ. ಕೋಣೆ ಬರಿದಾಗಿರಬಹುದು, ಕೋಶ ಎಂದ ಮೇಲೆ ಅದರೊಳಗೆ ಏನೋ ಒಂದು ಇರಲೇಬೇಕು. ಕನ್ನಡದ ಹೆಸರೇ ಹೆಚ್ಚು ಸಮರ್ಪಕವೆಂದು ಈಗ ನನಗೆ ಅನ್ನಿಸುತ್ತದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಕಾಯಿಲೆ ನನ್ನ ತಂಗಿಯದು. 2016ರ ಬೇಸಗೆಯಲ್ಲಿ ಒಂದು ದಿನ ಹಲ್ಲುಜ್ಜುವಾಗ ಅವಳ ವಸಡಿನಿಂದ ರಕ್ತ ಬಂದದ್ದು ನಿಲ್ಲಲಿಲ್ಲ. ಎರಡು ದಿನಗಳಲ್ಲಿ, ಎಲ್ಲಿಯೂ ಪೆಟ್ಟು ತಗುಲದೆಯೇ, ತೋಳಿನ ಮೇಲೆ ನೀಲಿಗಟ್ಟಿದ ಕಲೆಗಳು ಎದ್ದವು. ಊರಿನ ವೈದ್ಯರು ರಕ್ತಪರೀಕ್ಷೆಯ ವರದಿಯನ್ನು ನೋಡಿದವರೇ, ಬೆಳಗಾಗುವುದನ್ನು ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿರೆಂದರು. ಅದು ಒಂದು ಬಗೆಯ ರಕ್ತದ ಕ್ಯಾನ್ಸರು. ಅಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಮರುದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಸರ್, ಇವರ ರಕ್ತದ ಕೆಲವು ಕೋಶಗಳು ಬಲಿಯುವುದನ್ನು ಮರೆತುಬಿಟ್ಟಿವೆ. ಎಳೆಯವಾಗಿಯೇ ಉಳಿದು ಸಂಖ್ಯೆಯಲ್ಲಿ ಮಾತ್ರ ಹೆಚ್ಚುತ್ತಿವೆ. ನಾವು ಕೊಡುತ್ತಿರುವ ಗುಳಿಗೆ ಅವನ್ನು ಕೊಲ್ಲುವುದಕ್ಕಲ್ಲ, ಬಲಿಯುವ ಹಾಗೆ ಮಾಡುವುದಕ್ಕೆ.”

ಕ್ಯಾನ್ಸರಿನ ಕೋಶಗಳನ್ನು ಸುಡಬೇಕು, ಕೊಯ್ಯಬೇಕು, ವಿಷವಿಟ್ಟು ಕೊಲ್ಲಬೇಕು ಎಂದಷ್ಟೇ ಕೇಳಿ ಬಲ್ಲವನಿಗೆ ಈ ಮಾತು ವಿಚಿತ್ರವಾಗಿ ತೋರಿತು. ಕೋಶ ಬಲಿಯುವುದೆಂದರೇನು? ತಾನು ಏನಾಗಬೇಕೆಂಬುದು ಅದಕ್ಕೆ ತಿಳಿಯುವುದು ಹೇಗೆ? ತಿಳಿದದ್ದನ್ನು ಅದು ಉಳಿಸಿಕೊಳ್ಳುವುದು ಹೇಗೆ, ಮರೆಯುವುದು ಹೇಗೆ? ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಹುಟ್ಟಿದ ಪ್ರಶ್ನೆಗಳಿವು. ಅನಂತರದ ವರ್ಷಗಳಲ್ಲಿ ಓದಿ, ಬಲ್ಲವರನ್ನು ಕೇಳಿ, ನನ್ನ ಬುದ್ಧಿಗೆ ನಿಲುಕಿದಷ್ಟನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಾವೆಲ್ಲರೂ ಒಂದೇ ಒಂದು ಕೋಶವಾಗಿ ಬಾಳನ್ನು ಆರಂಭಿಸಿದವರು. ತಾಯಿಯ ಗರ್ಭದಲ್ಲಿ ಫಲಿತವಾದ ಆ ಅಂಡದ ಅಗಲ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಒಡೆಯುತ್ತ ಹೋಗುತ್ತದೆ. ಬೆಳೆದ ಮನುಷ್ಯನ ದೇಹದಲ್ಲಿ ಕೋಶಗಳ ಸಂಖ್ಯೆ ಸುಮಾರು 30ರಿಂದ 37 ಲಕ್ಷ ಕೋಟಿ. ಅವುಗಳಲ್ಲಿ ಬಗೆಗಳು ಇನ್ನೂರಕ್ಕೂ ಹೆಚ್ಚು. ಬೆನ್ನಿನ ಬುಡದಿಂದ ಕಾಲ್ಬೆರಳಿನವರೆಗೆ ಸುಮಾರು ಒಂದು ಮೀಟರು ಉದ್ದಕ್ಕೆ ಎಳೆಯನ್ನು ಚಾಚಿ ಕುಳಿತ ನರಕೋಶ ಒಂದು. ಉಸಿರಿನ ಗಾಳಿಯನ್ನು ಹೊತ್ತು ತಿರುಗುವ ಕೆಂಪು ರಕ್ತಕಣ ಇನ್ನೊಂದು. ಗಾಜಿನಂತೆ ನಿರ್ಮಲವಾಗಿ ಬೆಳಕನ್ನು ಒಳಕ್ಕೆ ಬಿಡುವ ಕಣ್ಣಿನ ಮಸೂರದ ಕೋಶ ಮತ್ತೊಂದು. ಇವು ಒಂದೇ ತಾಯಿಯ ಮಕ್ಕಳೆಂದರೆ ನಂಬುವುದು ಕಷ್ಟ. ಆದರೂ ಇವು ಒಂದೇ ಅಂಡದ ಸಂತತಿ.

ಈ ಭಿನ್ನತೆ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿದ್ದ ಆಗಸ್ಟ್ ವೈಸ್‌ಮನ್ ಎಂಬ ಜೀವವಿಜ್ಞಾನಿ ಒಂದು ಉತ್ತರವನ್ನು ಊಹಿಸಿದ. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಒಬ್ಬನಿಗೆ ಗದ್ದೆ, ಒಬ್ಬನಿಗೆ ತೋಟ, ಒಬ್ಬನಿಗೆ ಪೇಟೆಯ ಮನೆ. ಅಂಡವೂ ಹಾಗೆಯೇ ಒಡೆಯುವಾಗಲೆಲ್ಲ ತನ್ನ ಪಿತ್ರಾರ್ಜಿತವನ್ನು ಹಂಚುತ್ತ ಹೋಗುತ್ತದೆ. ನರವಾಗುವ ಕೋಶಕ್ಕೆ ನರದ ಪಾಲು, ಸ್ನಾಯುವಾಗುವ ಕೋಶಕ್ಕೆ ಸ್ನಾಯುವಿನ ಪಾಲು ಮಾತ್ರ ದಕ್ಕುತ್ತದೆ ಎಂಬುದು ಅವನ ತರ್ಕ. 1888ರಲ್ಲಿ ವಿಲ್‌ಹೆಲ್ಮ್ ರೂ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ, ಎರಡು ಕೋಶಗಳ ಹಂತದಲ್ಲಿದ್ದ ಕಪ್ಪೆಯ ಭ್ರೂಣದಲ್ಲಿ ಒಂದನ್ನು ಕಾದ ಸೂಜಿಯಿಂದ ಚುಚ್ಚಿ ಕೊಂದ. ಉಳಿದ ಕೋಶದಿಂದ ಅರ್ಧ ಭ್ರೂಣ ಬೆಳೆಯಿತು. ಪಾಲುಪಟ್ಟಿಯ ವಾದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು?

ಆದರೆ ಮೂರು ವರ್ಷಗಳ ಮೇಲೆ ಹಾನ್ಸ್ ಡ್ರೀಶ್ ಎಂಬಾತ ಅದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಿದ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಎರಡು ಕೋಶಗಳ ಭ್ರೂಣವನ್ನು ನೀರಿನಲ್ಲಿ ಕುಲುಕಿ, ಕೋಶಗಳನ್ನು ಒಂದರಿಂದೊಂದು ಬೇರ್ಪಡಿಸಿದ. ಅರ್ಧರ್ಧ ಮರಿಗಳನ್ನು ನಿರೀಕ್ಷಿಸಿದ್ದವನಿಗೆ ಕಂಡದ್ದು, ಗಾತ್ರದಲ್ಲಿ ಚಿಕ್ಕದಾದರೂ ಎಲ್ಲ ಅಂಗಗಳೂ ಸರಿಯಾಗಿದ್ದ ಪೂರ್ಣ ಮರಿ. ಹಾಗಾದರೆ ಕಪ್ಪೆಯಲ್ಲೇಕೆ ಅರ್ಧವಾಯಿತು? ರೂ ಕೊಂದ ಕೋಶ ಸತ್ತ ಮೇಲೂ ಪಕ್ಕದಲ್ಲೇ ಅಂಟಿಕೊಂಡಿತ್ತು. ಬದುಕಿದ್ದ ಕೋಶ ನೆರೆಯವನು ಇನ್ನೂ ಇದ್ದಾನೆಂದು ಬಗೆದು ತನ್ನ ಅರ್ಧದ ಕೆಲಸವನ್ನಷ್ಟೇ ಮಾಡಿತು! ಸತ್ತದ್ದನ್ನು ತೆಗೆದುಹಾಕಿದರೆ ಕಪ್ಪೆಯ ಕೋಶವೂ ಪೂರ್ಣ ಭ್ರೂಣವಾಗಬಲ್ಲುದೆಂದು ಮುಂದೆ ತಿಳಿಯಿತು. ಅಂದರೆ ಆಸ್ತಿ ಪಾಲಾಗಿರಲಿಲ್ಲ.

ಇದು ಮೊದಮೊದಲ ಕೋಶಗಳ ಮಾತಾಯಿತು. ಈಗಾಗಲೇ ಕರುಳೋ ಚರ್ಮವೋ ಆಗಿ ಹೋದ ಕೋಶದಲ್ಲಿಯೂ ಪಿತ್ರಾರ್ಜಿತವೆಲ್ಲ ಉಳಿದಿರುತ್ತದೆಯೆ? ಇದಕ್ಕೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಜಾನ್ ಗರ್ಡನ್. ಮೇಷ್ಟ್ರುಗಳಾದ ನಾವು ಇವರ ಕಥೆಯನ್ನು ಮುಖ್ಯವಾಗಿ ನೆನಪಿಟ್ಟುಕೊಳ್ಳಬೇಕು. 1949ರಲ್ಲಿ, ಶಾಲೆಯಲ್ಲಿದ್ದಾಗ, ಜೀವಶಾಸ್ತ್ರದಲ್ಲಿ 250 ಹುಡುಗರ ಪೈಕಿ ಕಟ್ಟಕಡೆಯವರಾಗಿದ್ದರು. ಈ ಹುಡುಗ ವಿಜ್ಞಾನಿಯಾಗಬೇಕೆಂದು ಹೊರಟಿರುವುದು ಹಾಸ್ಯಾಸ್ಪದ, ಅದರಿಂದ ಅವನಿಗೂ ಕಲಿಸುವವರಿಗೂ ಕಾಲಹರಣ ಎಂಬ ಅರ್ಥದ ಷರಾವನ್ನು ಅವರ ಅಧ್ಯಾಪಕರು ಬರೆದುಕೊಟ್ಟರು. ವಿಜ್ಞಾನವನ್ನು ಬಿಡಿಸಿ ಹುಡುಗನನ್ನು ಗ್ರೀಕ್, ಲ್ಯಾಟಿನ್ ಓದಲು ಕೂಡಿಸಿದರು. ಹೇಗೋ ದಾರಿ ಮಾಡಿಕೊಂಡು ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಮರಳಿದ ಗರ್ಡನ್, ಆ ಷರಾಕ್ಕೆ ಕಟ್ಟು ಹಾಕಿಸಿ ಕೊನೆಯವರೆಗೂ ಇಟ್ಟುಕೊಂಡಿದ್ದರು.

ಗರ್ಡನ್ ಮಾಡಿದ ಪ್ರಯೋಗ ಹೇಳುವುದಕ್ಕೆ ಸರಳ. ಆಫ್ರಿಕದ ಒಂದು ಜಾತಿಯ ಕಪ್ಪೆಯ ಮೊಟ್ಟೆಯನ್ನು ತೆಗೆದುಕೊಂಡು, ಅದರ ಕೋಶಕೇಂದ್ರವನ್ನು ಅತಿನೇರಳೆ ಕಿರಣಗಳಿಂದ ನಾಶಪಡಿಸಿದರು. ಪಿತ್ರಾರ್ಜಿತವೆಲ್ಲ ಇರುವುದು ಈ ಕೋಶಕೇಂದ್ರದಲ್ಲಿ. ಅದರ ಜಾಗಕ್ಕೆ ಗೊದಮೊಟ್ಟೆಯೊಂದರ ಕರುಳಿನ ಕೋಶದ ಕೇಂದ್ರವನ್ನು ತಂದು ಸೇರಿಸಿದರು. ಬಹುಪಾಲು ಮೊಟ್ಟೆಗಳು ಕೆಟ್ಟುಹೋದವು. ಆದರೆ ಕೆಲವು ಒಡೆದು ಬೆಳೆದು, ಈಜುವ ಗೊದಮೊಟ್ಟೆಗಳಾದವು. ಮುಂದೆ ಕಪ್ಪೆಗಳೂ ಆದವು. 1962ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳಿದ್ದು ಇಷ್ಟು: ಕರುಳಿನ ಕೋಶದಲ್ಲಿ ಕಣ್ಣು ಮಾಡುವ ವಿಧಾನವೂ ಇದೆ, ಹೃದಯ ಮಾಡುವ ವಿಧಾನವೂ ಇದೆ, ಅದು ಅದನ್ನು ಬಳಸುತ್ತಿಲ್ಲ, ಅಷ್ಟೆ. 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ, ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶದಿಂದ, 277 ಪ್ರಯತ್ನಗಳಲ್ಲಿ ಒಂದೇ ಒಂದು ಫಲಿಸಿ, ಡಾಲಿ ಎಂಬ ಕುರಿಮರಿ ಹುಟ್ಟಿದಾಗ ಸಸ್ತನಿಗಳ ವಿಷಯದಲ್ಲಿಯೂ ಈ ಮಾತು ಸ್ಥಿರವಾಯಿತು. ಅಪವಾದಗಳು ಇಲ್ಲದಿಲ್ಲ. ನಮ್ಮ ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನೇ ಹೊರಕ್ಕೆ ಹಾಕುತ್ತದೆ. ರೋಗಗಳೊಡನೆ ಹೋರಾಡುವ ಕೆಲವು ಬಿಳಿಯ ಕೋಶಗಳು ತಮ್ಮ ಪಾಠದ ಒಂದು ಭಾಗವನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಇಂಥವನ್ನು ಬಿಟ್ಟರೆ ನಿಯಮ ಒಂದೇ.

ಈಗ ಕೋಶವೆಂಬ ಶಬ್ದಕ್ಕೆ ಬರೋಣ. ಪ್ರತಿಯೊಂದು ಜೀವಕೋಶದೊಳಗೂ ಒಂದು ಶಬ್ದಕೋಶವಿದೆ ಎಂದು ಭಾವಿಸಿಕೊಳ್ಳಿ. ಅದನ್ನು ಬರೆದಿರುವುದು ಡಿ.ಎನ್.ಎ. ಎಂಬ ಎಳೆಯ ಮೇಲೆ. ಬಿಡಿಸಿ ಚಾಚಿದರೆ ಒಂದು ಕೋಶದ ಎಳೆ ಸುಮಾರು ಎರಡು ಮೀಟರು ಉದ್ದ. ಅದರಲ್ಲಿ ಪ್ರೋಟೀನುಗಳನ್ನು ಮಾಡುವ ವಿಧಿಯನ್ನು ಒಳಗೊಂಡ, ಜೀನ್ ಎಂದು ಕರೆಯುವ ವಂಶವಾಹಿಗಳು ಸುಮಾರು 20,000. ಇವು ಆ ಶಬ್ದಕೋಶದ ಉಲ್ಲೇಖಗಳು. ನಮ್ಮ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳೂ ಒಬ್ಬ ಕವಿಯ ಮನೆಯಲ್ಲಿವೆ, ಒಬ್ಬ ವಕೀಲನ ಮನೆಯಲ್ಲಿಯೂ ಇವೆ ಎನ್ನೋಣ. ಇಬ್ಬರ ಬರೆಹದಲ್ಲಿಯೂ ‘ಅದು’, ‘ಇದು’, ‘ಮತ್ತು’ಗಳು ಬರುತ್ತವೆ. ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯುವಂಥ ನಿತ್ಯದ ಕೆಲಸಗಳ ವಂಶವಾಹಿಗಳು ಹೀಗೆ ಎಲ್ಲ ಕೋಶಗಳಿಗೂ ಸಮಾನ. ಆದರೆ ‘ತಂಗಾಳಿ’ ಎಂಬ ಮಾತು ವಕೀಲನ ಅರ್ಜಿಯಲ್ಲಿ ಬಾರದು. ‘ಜಪ್ತಿ’ ಕವಿತೆಗೆ ಬರುವುದು ಅಪರೂಪ. ನಿಘಂಟು ಒಂದೇ, ತೆರೆಯುವ ಪುಟಗಳು ಬೇರೆ. ಮೇದೋಜೀರಕದ ಒಂದು ಬಗೆಯ ಕೋಶ ಇನ್ಸುಲಿನ್ ಎಂಬ ಪುಟವನ್ನು ತೆರೆದಿಟ್ಟುಕೊಂಡಿದೆ. ನರಕೋಶದಲ್ಲಿ ಅದೇ ಪುಟ ಇದ್ದರೂ ಮುಚ್ಚಿದೆ.

ಯಾವ ಪುಟವನ್ನು ತೆರೆಯಬೇಕೆಂದು ಕೋಶಕ್ಕೆ ಹೇಳುವವರು ಯಾರು? ಮೊದಲ ಮಾತು ನೆರೆಹೊರೆಯದು. ವೈಸ್‌ಮನ್ ಇದ್ದ ಫ್ರೈಬುರ್ಗಿನಲ್ಲಿಯೇ, ಒಂದು ತಲೆಮಾರಿನ ಅನಂತರ, ಹಾನ್ಸ್ ಸ್ಪೇಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡ ಮಾಂಗೋಲ್ಡ್ ಇದನ್ನು ತೋರಿಸಿಕೊಟ್ಟರು. ಹಲ್ಲಿಯಾಕಾರದ ನ್ಯೂಟ್ ಎಂಬ ಉಭಯಚರಿಯ ಎರಡು ಜಾತಿಗಳನ್ನು ಹಿಲ್ಡ ಆರಿಸಿಕೊಂಡರು; ಒಂದರ ಭ್ರೂಣ ಬಿಳಿಚು, ಇನ್ನೊಂದರದು ಕಪ್ಪು. ಬಿಳಿಚು ಭ್ರೂಣದ ಒಂದು ನಿರ್ದಿಷ್ಟ ಸ್ಥಳದಿಂದ ಚಿಟಿಕೆಯಷ್ಟು ಅಂಗಾಂಶವನ್ನು ತೆಗೆದು, ಕಪ್ಪು ಭ್ರೂಣದ ಹೊಟ್ಟೆಯಾಗಬೇಕಾದ ಕಡೆಗೆ ನೆಟ್ಟರು. ಅಲ್ಲಿ ಎರಡನೆಯ ಭ್ರೂಣವೊಂದು, ಮೊದಲನೆಯದಕ್ಕೆ ಹೊಟ್ಟೆಯಲ್ಲಿ ಅಂಟಿಕೊಂಡಂತೆ, ಬೆಳೆಯಿತು. ಅಚ್ಚರಿಯೆಂದರೆ ಆ ಎರಡನೆಯ ಭ್ರೂಣದ ನರಹುರಿ ಬಹುಮಟ್ಟಿಗೆ ಕಪ್ಪು ಕೋಶಗಳಿಂದಾದದ್ದು. ಹೊಟ್ಟೆಯ ಚರ್ಮವಾಗಬೇಕಿದ್ದ ಕೋಶಗಳು ಹೊಸ ನೆರೆಯವರ ಮಾತನ್ನು ಕೇಳಿ ನರವಾಗಿದ್ದವು. ಈ ಶೋಧ ಪ್ರಕಟವಾದದ್ದು 1924ರಲ್ಲಿ. ಅದೇ ವರ್ಷ ಅಡುಗೆಮನೆಯ ಒಲೆ ಸಿಡಿದು ಹಿಲ್ಡ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಕೈಯಲ್ಲಿ ಎಳೆಯ ಮಗು. 1935ರಲ್ಲಿ ಇದಕ್ಕಾಗಿ ನೊಬೆಲ್ ಬಹುಮಾನ ಸ್ಪೇಮನ್ನರಿಗೆ ಬಂತು.

ನೆರೆಯ ಕೋಶಗಳು ಆಡುವ ಈ ಮಾತು ರಾಸಾಯನಿಕ ಭಾಷೆಯದು. ಬೆಳೆಯುವ ಭ್ರೂಣದಲ್ಲಿ ಕೆಲವು ಕೋಶಗಳು ಕೆಲವು ವಸ್ತುಗಳನ್ನು ಸ್ರವಿಸುತ್ತವೆ. ಹತ್ತಿರವಿದ್ದವಕ್ಕೆ ಅದು ಗಟ್ಟಿಯಾಗಿ, ದೂರವಿದ್ದವಕ್ಕೆ ಮೆಲ್ಲಗೆ ಕೇಳಿಸುತ್ತದೆ. ಕೇಳಿಸಿದ ಪ್ರಮಾಣದ ಮೇಲೆ ಅವು ತಮ್ಮ ದಾರಿಯನ್ನು ಹಿಡಿಯುತ್ತವೆ. ಎ ಜೀವಸತ್ವದಿಂದ ದೇಹವೇ ತಯಾರಿಸಿಕೊಳ್ಳುವ ರೆಟಿನಾಯಿಕ್ ಆಮ್ಲವೆಂಬುದು ಇಂಥ ಒಂದು ವಸ್ತು. ಈ ಹೆಸರನ್ನು ಕೇಳುಗರು ನೆನಪಿನಲ್ಲಿಡಬೇಕು. ನನ್ನ ತಂಗಿಯ ಕಥೆಯಲ್ಲಿ ಇದು ಮತ್ತೆ ಬರುತ್ತದೆ.

ಹೀಗೆ ದಾರಿ ಹಿಡಿಯುವುದನ್ನು ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್ 1957ರಲ್ಲಿ ಒಂದು ಚಿತ್ರದಿಂದ ವಿವರಿಸಿದರು. ಕಣಿವೆಗಳಾಗಿ ಕವಲೊಡೆಯುವ ಬೆಟ್ಟದ ಇಳಿಜಾರು. ಅದರ ಮೇಲಿಂದ ಉರುಳುವ ಒಂದು ಗುಂಡು. ನಮಗಾದರೆ ಪಶ್ಚಿಮ ಘಟ್ಟವೇ ಇದೆ. ಘಟ್ಟದ ನೆತ್ತಿಯ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಮಳೆಹನಿಗಳಲ್ಲಿ ಒಂದು ನೇತ್ರಾವತಿಯ ಪಾಲಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ, ಇನ್ನೊಂದು ಹೇಮಾವತಿಯಾಗಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ. ನೆತ್ತಿಯ ಮೇಲೆ ಅಂತರ ಒಂದು ಗೇಣು. ಕೊನೆಯಲ್ಲಿ ಎರಡು ಕಡಲು. ಕೋಶವೂ ಇಳಿದಂತೆಲ್ಲ ಅದರ ಮುಂದಿನ ಕವಲುಗಳು ಕಡಿಮೆಯಾಗುತ್ತವೆ.

ಹೊರಗಿನ ಮಾತು ಒಳಗೆ ಮುಟ್ಟಿದ ಮೇಲೆ ಪುಟಗಳನ್ನು ತೆರೆಯುವ ಕೆಲಸ ಕೆಲವು ವಿಶೇಷ ಪ್ರೋಟೀನುಗಳದು. ಇವು ಡಿ.ಎನ್.ಎ. ಎಳೆಯ ನಿರ್ದಿಷ್ಟ ಸ್ಥಳಗಳನ್ನು ಗುರುತಿಸಿ ಕುಳಿತು, ಅಲ್ಲಿನ ವಂಶವಾಹಿಯನ್ನು ಓದಿಸುತ್ತವೆ ಅಥವಾ ಓದದಂತೆ ತಡೆಯುತ್ತವೆ. 1987ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಸಂಗಡಿಗರು ಇಂಥ ಒಂದು ಪ್ರೋಟೀನಿನ ವಂಶವಾಹಿಯನ್ನು ಕಂಡುಹಿಡಿದರು. ಮಯೋಡಿ ಎಂಬ ಆ ಒಂದನ್ನು ಇಲಿಯ ಸಂಯೋಜಕ ಅಂಗಾಂಶದ ಕೋಶಗಳಲ್ಲಿ ಎಚ್ಚರಿಸಿದರೆ ಸಾಕು, ಅವು ಸ್ನಾಯುಕೋಶಗಳಾಗಿ ಮಾರ್ಪಡುತ್ತಿದ್ದವು. ಈ ಪ್ರೋಟೀನಿಗೆ ಇನ್ನೊಂದು ಗುಣವಿದೆ: ಅದು ಸ್ನಾಯುವಿಗೆ ಬೇಕಾದ ಪುಟಗಳ ಜೊತೆಗೆ ತನ್ನದೇ ಪುಟವನ್ನೂ ತೆರೆದಿಡುತ್ತದೆ. ಒಮ್ಮೆ ಹಚ್ಚಿದ ಮೇಲೆ ತನಗೆ ಬೇಕಾದ ಎಣ್ಣೆಯನ್ನು ತಾನೇ ಎರೆದುಕೊಳ್ಳುವ ನಂದಾದೀಪದಂತೆ. ಹಚ್ಚಿದ ಕೈ ಹೊರಟುಹೋದರೂ ದೀಪ ಆರುವುದಿಲ್ಲ. ಕೋಶವು ತನ್ನ ಗುರುತನ್ನು ಉಳಿಸಿಕೊಳ್ಳುವ ಮೊದಲ ಉಪಾಯ ಇದು.

ಈ ಗುರುತು ಎಷ್ಟು ಗಟ್ಟಿಯೆಂಬುದಕ್ಕೆ ನನ್ನಂಥ ಬೋಳುತಲೆಯವರಿಗೆ ಆಪ್ತವಾದ ಒಂದು ನಿದರ್ಶನ ಕೊಡುತ್ತೇನೆ. ಗಂಡಸರಿಗೆ ಸಾಮಾನ್ಯವಾಗಿ ಮುಂದಲೆಯ, ನಡುನೆತ್ತಿಯ ಕೂದಲು ಉದುರುತ್ತದೆ, ಹಿಂದಲೆಯದು ಉಳಿಯುತ್ತದೆ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಎಂಬ ಚರ್ಮವೈದ್ಯರು ಹಿಂದಲೆಯ ಕೂದಲನ್ನು ಬುಡಸಹಿತ ತೆಗೆದು ಮುಂದಲೆಯಲ್ಲಿ ನೆಟ್ಟರು. ಮುಂದಲೆಗೆ ಬಂದ ಮೇಲೆ ಅದೂ ಉದುರಬೇಕಿತ್ತಲ್ಲವೆ? ಉದುರಲಿಲ್ಲ. 1959ರಲ್ಲಿ ಅವರು ಇದನ್ನು ಪ್ರಕಟಿಸಿದರು. ಊರು ಬದಲಾದರೂ ಕೂದಲ ಬುಡದ ಕೋಶಗಳು ತಾವು ಹಿಂದಲೆಯವೆಂಬುದನ್ನು ಮರೆಯಲಿಲ್ಲ. ಇಂದು ಪೇಟೆಗಳಲ್ಲಿ ನಡೆಯುವ ಕೂದಲು ನಾಟಿಯ ವ್ಯವಹಾರವೆಲ್ಲ ನಿಂತಿರುವುದು ಈ ನೆನಪಿನ ಮೇಲೆ.

ಕೋಶ ಒಡೆದು ಎರಡಾಗುವಾಗ ಈ ನೆನಪು ಮಕ್ಕಳಿಗೆ ದಾಟುವುದು ಹೇಗೆ? ಇಲ್ಲಿ ನನಗೆ ನಮ್ಮ ಓಲೆಗರಿಯ ಲಿಪಿಕಾರರು ನೆನಪಾಗುತ್ತಾರೆ. ಹಳೆಯ ಪ್ರತಿಯನ್ನು ನೋಡಿ ಹೊಸ ಪ್ರತಿಯನ್ನು ಮಾಡುವಾಗ, ಮೂಲದ ಅಕ್ಷರಗಳನ್ನು ಇಳಿಸಿಕೊಂಡರಷ್ಟೇ ಸಾಲದು. ‘ಇದನ್ನು ಬಿಟ್ಟು ಓದುವುದು’ ಎಂದು ಹಿಂದಿನವರು ಹಾಕಿದ ಗುರುತುಗಳನ್ನೂ ಇಳಿಸಿಕೊಳ್ಳಬೇಕು. ಡಿ.ಎನ್.ಎ.ಯ ಅಕ್ಷರಗಳ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಿವೆ. ವಂಶವಾಹಿಯ ಆರಂಭದಲ್ಲಿ ಇವು ದಟ್ಟವಾಗಿದ್ದರೆ ಸಾಮಾನ್ಯವಾಗಿ ಆ ಪುಟವನ್ನು ಕೋಶ ಓದುವುದಿಲ್ಲ. ಕೋಶ ಒಡೆಯುವ ಮುನ್ನ ಡಿ.ಎನ್.ಎ.ಯ ಜೋಡಿ ಎಳೆಗಳು ಬಿಚ್ಚಿಕೊಂಡು, ಒಂದೊಂದು ಹಳೆಯ ಎಳೆಯ ಎದುರಿಗೆ ಒಂದೊಂದು ಹೊಸ ಎಳೆ ಸಿದ್ಧವಾಗುತ್ತದೆ. ಹೊಸದರ ಮೇಲೆ ಗುರುತುಗಳಿಲ್ಲ. ಆಗ ಒಂದು ಕಿಣ್ವ ಹಳೆಯ ಎಳೆಯನ್ನು ನೋಡಿಕೊಂಡು, ಎಲ್ಲಿ ಗುರುತಿದೆಯೋ ಅದಕ್ಕೆ ಸರಿಯಾಗಿ ಹೊಸದರ ಮೇಲೂ ಹಾಕುತ್ತ ಹೋಗುತ್ತದೆ. 1975ರಲ್ಲಿ ಬ್ರಿಟನ್ನಿನ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ, ಅಮೆರಿಕದ ಆರ್ಥರ್ ರಿಗ್ಸ್ ಬೇರೆಬೇರೆಯಾಗಿ ಈ ಸಾಧ್ಯತೆಯನ್ನು ಸೂಚಿಸಿದರು. 1979ರಲ್ಲಿ ಪೀಟರ್ ಜೋನ್ಸ್ ಮತ್ತು ಷರ್ಲಿ ಟೇಲರ್, ಈ ಗುರುತು ಇಳಿಸುವ ಕೆಲಸವನ್ನು ಕೆಡಿಸುವ ಮದ್ದೊಂದನ್ನು ಇಲಿಯ ಸಂಯೋಜಕ ಅಂಗಾಂಶದ ಕೋಶಗಳಿಗೆ ಕೊಟ್ಟಾಗ, ಕೆಲವು ಸ್ನಾಯುವಾಗಿ, ಕೆಲವು ಕೊಬ್ಬಿನ ಕೋಶವಾಗಿ ಬದಲಾದವು. ಲಿಪಿಕಾರನ ಕೈ ತಪ್ಪಿದರೆ ಮುಚ್ಚಿದ ಪುಟ ತೆರೆದುಕೊಳ್ಳುತ್ತದೆ. ಇದಲ್ಲದೆ, ಎಳೆಯನ್ನು ಸುತ್ತಿಟ್ಟಿರುವ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳ ಮೇಲೂ ಗುರುತುಗಳಿದ್ದು, ಯಾವ ಕಟ್ಟು ಬಿಗಿಯಾಗಿರಬೇಕು, ಯಾವುದು ಸಡಿಲವಾಗಿರಬೇಕು ಎಂಬುದನ್ನು ನಿರ್ಧರಿಸುತ್ತವೆ.

ಈ ನೆನಪನ್ನು ಬರಿಗಣ್ಣಿನಿಂದ ನೋಡಬಯಸುವವರು ಕಪ್ಪು, ಕೆಂಪು, ಬಿಳಿ ತೇಪೆಗಳಿರುವ ಬೆಕ್ಕನ್ನು ನೋಡಬೇಕು. ಅಂಥ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು. ಹೆಣ್ಣಿನ ಕೋಶದಲ್ಲಿ ಎಕ್ಸ್ ಎಂಬ ವರ್ಣತಂತು ಎರಡು, ಗಂಡಿನಲ್ಲಿ ಒಂದು. ಬೆಕ್ಕಿನ ರೋಮ ಕೆಂಪೋ ಕಪ್ಪೋ ಎಂಬುದು ಎಕ್ಸ್‌ನ ಮೇಲಿರುವ ಒಂದು ವಂಶವಾಹಿಯನ್ನು ಅವಲಂಬಿಸಿದೆ. ಭ್ರೂಣವಿನ್ನೂ ಎಳೆಯದಾಗಿರುವಾಗ ಪ್ರತಿಯೊಂದು ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಮುಚ್ಚುತ್ತದೆ. ಅದರ ಮಕ್ಕಳು, ಮೊಮ್ಮಕ್ಕಳು ಅದೇ ಎಕ್ಸನ್ನು ಮುಚ್ಚಿಟ್ಟುಕೊಂಡೇ ಬಾಳುತ್ತವೆ. 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಮುಂದಿಟ್ಟ ವಿವರಣೆ ಇದು. ಬೆಕ್ಕಿನ ಬೆನ್ನಿನ ಮೇಲಿನ ಒಂದೊಂದು ಬಣ್ಣದ ತೇಪೆ, ಎಂದೋ ಮಾಡಿದ ಆಯ್ಕೆಯನ್ನು ಮರೆಯದ ಕೋಶಗಳ ನೆಲೆ. ಮನುಷ್ಯರಲ್ಲಿ ಪ್ರತಿಯೊಬ್ಬ ಹೆಂಗಸಿನ ದೇಹವೂ ಹೀಗೆಯೇ, ಕಣ್ಣಿಗೆ ಕಾಣದ ತೇಪೆಗಳಿಂದಾದ ಕೌದಿ.

ಹಾಗಾದರೆ ಈ ಗುರುತು ಅಳಿಸಲಾರದ ಬರೆಹವೆ? ಅಲ್ಲ. ಜಪಾನಿನ ಕ್ಯೋಟೋದಲ್ಲಿ ಶಿನ್ಯ ಯಾಮಾನಾಕ ಮತ್ತು ಅವರ 시ಷ್ಯ ಕಜುತೋಶಿ ತಾಕಾಹಾಶಿ 24 ವಂಶವಾಹಿಗಳ ಪಟ್ಟಿಯಿಂದ ಆರಂಭಿಸಿ, ಒಂದೊಂದನ್ನಾಗಿ ಸೋಸಿ, ನಾಲ್ಕನ್ನು ಉಳಿಸಿಕೊಂಡರು. ಆ ನಾಲ್ಕನ್ನು ಇಲಿಯ ಚರ್ಮದ ಕೋಶದಲ್ಲಿ ಎಚ್ಚರಿಸಿದಾಗ ಅದು ಮತ್ತೆ ಭ್ರೂಣದ ಕೋಶದಂತಾಗಿ, ಯಾವ ದಾರಿಯನ್ನಾದರೂ ಹಿಡಿಯಲು ಸಿದ್ಧವಾಯಿತು. ಇದು 2006ರ ಮಾತು. ಮರುವರ್ಷವೇ ಮನುಷ್ಯನ ಕೋಶದಲ್ಲಿಯೂ ಸಾಧ್ಯವಾಯಿತು. ಸಮುದ್ರ ಸೇರಿದ ಹನಿಯನ್ನು ಘಟ್ಟದ ನೆತ್ತಿಗೆ ಮರಳಿ ತಂದಂತೆ. 2012ರಲ್ಲಿ ಯಾಮಾನಾಕರೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡವರು, ಶಾಲೆಯಲ್ಲಿ ಕಟ್ಟಕಡೆಯವರಾಗಿದ್ದ ಆ ಗರ್ಡನ್. ಅವರ ಕಪ್ಪೆಯ ಪ್ರಯೋಗ ಪ್ರಕಟವಾದ 1962ರಲ್ಲಿಯೇ ಯಾಮಾನಾಕ ಹುಟ್ಟಿದ್ದು.

ಈಗ ತಂಗಿಯ ಹಾಸಿಗೆಯ ಬಳಿಗೆ ಮರಳೋಣ. ನಮ್ಮ ಅಸ್ಥಿಮಜ್ಜೆ ಎಂದಿಗೂ ಮುಗಿಯದ ಭ್ರೂಣದಂತೆ. ಅಲ್ಲಿ ಕೋಶಗಳು ದಿನವೂ ಹುಟ್ಟಿ, ಹಂತಹಂತವಾಗಿ ಬಲಿತು, ಕೆಂಪು ಕಣಗಳೋ ಬಿಳಿಯ ಕಣಗಳೋ ಆಗಿ ರಕ್ತಕ್ಕೆ ಇಳಿಯುತ್ತವೆ. ಕೆಂಪು ಕಣಗಳೇ ದಿನಕ್ಕೆ ಸುಮಾರು 20,000 ಕೋಟಿ. ಬಲಿತ ಕಣ ತನ್ನ ಕೆಲಸ ಮಾಡಿ ಸಾಯುತ್ತದೆ. ತಂಗಿಗೆ ಬಂದ ಕಾಯಿಲೆಯಲ್ಲಿ, ಒಂದು ಬಗೆಯ ಬಿಳಿಯ ಕಣ ಬಲಿಯುವ ದಾರಿಯ ನಡುವೆ ನಿಂತುಬಿಡುತ್ತದೆ. ನಿಂತಲ್ಲಿಯೇ ಒಡೆದು ಒಡೆದು ಮಜ್ಜೆಯನ್ನು ತುಂಬುತ್ತದೆ. ಕಾರಣ, 15 ಮತ್ತು 17ನೆಯ ವರ್ಣತಂತುಗಳು ತುಂಡಾಗಿ, ಒಂದರ ಚೂರು ಇನ್ನೊಂದಕ್ಕೆ ಅಂಟಿಕೊಂಡಿರುವುದು. ಇದರಿಂದ ಹುಟ್ಟುವ ಬೆರಕೆ ಪ್ರೋಟೀನು, ಬಲಿಯುವುದಕ್ಕೆ ಬೇಕಾದ ಪುಟಗಳ ಮೇಲೆ ಕುಳಿತು ಅವನ್ನು ತೆರೆಯಗೊಡುವುದಿಲ್ಲ. ಆ ಪುಟಗಳನ್ನು ತೆರೆಯುವ ಸಹಜವಾದ ಸಂಕೇತ ಯಾವುದು ಗೊತ್ತೆ? ನೆನಪಿಡಿ ಎಂದು ಹೇಳಿದ್ದೆನಲ್ಲ, ಅದೇ ರೆಟಿನಾಯಿಕ್ ಆಮ್ಲ. ದೇಹದಲ್ಲಿರುವಷ್ಟು ಪ್ರಮಾಣದಲ್ಲಿ ಅದರ ಮಾತು ಈ ಕೋಶಗಳಿಗೆ ಕೇಳಿಸದು. ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕೇಳಿಸುತ್ತದೆ. ಬೆರಕೆ ಪ್ರೋಟೀನು ಕಳಚಿ ನಾಶವಾಗುತ್ತದೆ.

ಇದನ್ನು ಮನುಷ್ಯರಲ್ಲಿ ಸಾಧಿಸಿ ತೋರಿಸಿದವರು ಚೀನದ ಶಾಂಘೈನ ವೈದ್ಯ ವಾಂಗ್ ಝೆನ್ಯಿ. 1985ರಲ್ಲಿ, ಸಾವಿನ ಅಂಚಿನಲ್ಲಿದ್ದ ಐದು ವರ್ಷದ ಹುಡುಗಿಯೊಬ್ಬಳಿಗೆ ಈ ಔಷಧವನ್ನು ಕೊಟ್ಟರು. ಅವಳು ಚೇತರಿಸಿಕೊಂಡಳು. 1988ರಲ್ಲಿ ಅವರ ತಂಡ 24 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿತು. 24 ಮಂದಿಯಲ್ಲಿಯೂ ರೋಗ ಹಿಂದೆಗೆದಿತ್ತು. ಅದೇ ದೇಶದ ಹಾರ್ಬಿನ್ ನಗರದಲ್ಲಿ 1970ರ ದಶಕದಿಂದ ಪರೀಕ್ಷಿಸಲ್ಪಟ್ಟ ಪಾಷಾಣದ ಔಷಧ ಇದಕ್ಕೆ ಜೊತೆಯಾಯಿತು. ಒಂದು ಕಾಲಕ್ಕೆ ಅತ್ಯಂತ ವೇಗವಾಗಿ ಕೊಲ್ಲುತ್ತಿದ್ದ ಈ ರಕ್ತದ ಕ್ಯಾನ್ಸರಿನಿಂದ, ಮೊದಲ ದಿನಗಳ ರಕ್ತಸ್ರಾವವನ್ನು ದಾಟಿದವರಲ್ಲಿ ಬಹುಪಾಲು ಜನ ಇಂದು ಗುಣವಾಗುತ್ತಾರೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಉಪಾಯ ಫಲಿಸಿರುವುದು ಈ ಒಂದು ಬಗೆಗೆ. ಇತರ ಕ್ಯಾನ್ಸರುಗಳಿಗೆ ಇಷ್ಟು ಸುಲಭವಾದ ದಾರಿ ಸಿಕ್ಕಿಲ್ಲ. ಎ ಜೀವಸತ್ವದ ಮಾತ್ರೆಯನ್ನು ತಾವೇ ಕೊಂಡು ನುಂಗುವುದು ಚಿಕಿತ್ಸೆಯಲ್ಲ. ಅತಿಯಾದರೆ ಅಪಾಯ, ಗರ್ಭಿಣಿಯರಿಗಂತೂ ಮಗುವಿನ ಅಂಗಗಳೇ ತಪ್ಪಿ ರೂಪುಗೊಳ್ಳುವಷ್ಟು ಅಪಾಯ. ಕಾರಣ ನಿಮಗೀಗ ತಿಳಿದಿದೆ: ಭ್ರೂಣ ಆಡುವ ಭಾಷೆಯೂ ಅದೇ.

ಮೊದಲ ಹತ್ತು ದಿನ ನಮಗೆ ಹಗಲು ರಾತ್ರಿಗಳ ಅರಿವಿರಲಿಲ್ಲ. ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳನ್ನು ಚೀಲಚೀಲವಾಗಿ ಏರಿಸುತ್ತಿದ್ದರು. ಮೂರನೆಯ ವಾರ ಆ ವೈದ್ಯೆ ನನ್ನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ ಎರಡು ಗಾಜುಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಮೊದಲನೆಯದು ಬಂದ ದಿನದ ರಕ್ತ: ಊದಿಕೊಂಡ ಕೋಶಗಳು, ಒಳಗೆಲ್ಲ ಕಾಳುಕಾಳು, ಕೆಲವುಗಳಲ್ಲಿ ಸೌದೆಯ ಹೊರೆಯಂತೆ ಸೇರಿದ ಕಡ್ಡಿಗಳು. ಎರಡನೆಯದು ಆ ದಿನದ್ದು: ಅಂದವಾಗಿ ಮೂರುನಾಲ್ಕು ಎಸಳುಗಳಾಗಿ ಕೇಂದ್ರ ಒಡೆದುಕೊಂಡ, ಬಲಿತ ಬಿಳಿಯ ಕಣಗಳು. ಅವುಗಳಲ್ಲಿ ಒಂದರೊಳಗೆ ಇನ್ನೂ ಒಂದು ಸಣ್ಣ ಕಡ್ಡಿ ಇತ್ತು. “ನೋಡಿ ಸರ್, ಇದು ಹೊಸ ಕೋಶವಲ್ಲ. ಆ ಹಳೆಯದೇ ಬಲಿತದ್ದು,” ಎಂದರು ಆಕೆ.

ಕೊಠಡಿಗೆ ಮರಳಿ ತಂಗಿಗೆ ಇದನ್ನೆಲ್ಲ ವಿವರಿಸಿದೆ. ಅವಳು ದಿಂಬಿಗೆ ಒರಗಿ ಕೇಳಿಸಿಕೊಂಡು, “ಅಲ್ಲ ಅಣ್ಣ, ನೀನು ದಡ್ಡ ಹುಡುಗರನ್ನು ತರಗತಿಯಿಂದ ಆಚೆಗೆ ಕಳಿಸುತ್ತಿದ್ದೆ. ಇವರು ನೋಡು, ಕೂಡಿಸಿಕೊಂಡು ಪಾಸು ಮಾಡಿಸಿದರು,” ಎಂದಳು. ಅವಳು ನಕ್ಕದ್ದು ಆ ತಿಂಗಳಲ್ಲಿ ಅದೇ ಮೊದಲು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ. ನಾನು ಹಾಗೆ ಆಚೆಗೆ ಕಳಿಸಿದ ಒಂದೆರಡು ಮುಖಗಳು ಆ ಹೊತ್ತಿನಲ್ಲಿ ಕಣ್ಣ ಮುಂದೆ ಬಂದವು.

ತಂಗಿ ಈಗ ಆರೋಗ್ಯವಾಗಿದ್ದಾಳೆ. ಈ ಭಾಷಣವನ್ನು ತನ್ನ ಮನೆಯಲ್ಲಿ ಕುಳಿತು ಕೇಳುತ್ತಿದ್ದಾಳೆ, ಎಲ್ಲಿ ತಪ್ಪಿದೆನೆಂದು ನಾಳೆ ಬೆಳಿಗ್ಗೆ ಹೇಳಲಿದ್ದಾಳೆ.